ನೇಕಾರರ ಷಡ್ಜ

ಇಂಗ್ಲೆಂಡಿನಲ್ಲಿ ಬೇಸಗೆಯ ದೀರ್ಘ ಸಂಜೆಗಳು ಕುಗ್ಗಿ ಸೆಪ್ಟೆಂಬರು ಕಾಲಿಟ್ಟೊಡನೆ, ಇಗರ್ಜಿಯ ಹಿಂಬದಿಯ ಹಜಾರದಲ್ಲಿಯೋ ಶಾಲೆಯ ಊಟದ ಮನೆಯಲ್ಲಿಯೋ, ವಾರದಲ್ಲಿ ಗೊತ್ತಾದ ಒಂದು ಸಂಜೆ, ದಾದಿಯರು, ಗುಮಾಸ್ತರು, ಅಂಗಡಿಯವರು, ನಿವೃತ್ತರಾದ ಉಪಾಧ್ಯಾಯರು ಒಂದೊಂದು ಸ್ವರಪುಸ್ತಕವನ್ನೂ ಪೆನ್ಸಿಲನ್ನೂ ಹಿಡಿದು ನೆರೆಯುತ್ತಾರೆ. ಇವರು ಹಾಡಿ ಹೊಟ್ಟೆ ಹೊರೆಯತಕ್ಕವರಲ್ಲ. ಹಾಡುವುದಕ್ಕಾಗಿ ತಾವೇ ಸಂಘಕ್ಕೆ ಚಂದಾ ತೆರತಕ್ಕವರು. ಡಿಸೆಂಬರಿನ ಕಚೇರಿಗೆ ಇನ್ನೂ ಮೂರು ತಿಂಗಳಿರುವಾಗಲೇ ಒಂದೊಂದು ಸಾಲನ್ನು ಹತ್ತು ಹತ್ತು ಬಾರಿ ತಿದ್ದಿಕೊಳ್ಳುವ ಇವರ ಶ್ರದ್ಧೆಯನ್ನು ಕುರಿತು ಯೋಚಿಸಿದರೆ, ಋತುವಿನ ಫಲವೆಂದು ಹೊರಗಿನವರು ಎಣಿಸುವ ಆ ಕಚೇರಿ ಈ ವಾರದ ಕೂಟಕ್ಕೆ ಒಂದು ನೆಪವಾಗಿರಬಹುದೆ ಎಂಬ ಸಂದೇಹ ಬಾರದಿರದು.

ಈ ಸಂಘಗಳ ಮೂಲವನ್ನು ಅರಮನೆಗಳಲ್ಲಿ ಹುಡುಕಬೇಕಾದುದಿಲ್ಲ. ಉಣ್ಣೆಬಟ್ಟೆಯ ಊರಾದ ಹಡರ್ಸ್‌ಫೀಲ್ಡಿನಲ್ಲಿ 1836ರಲ್ಲಿ ಹುಟ್ಟಿದ ಗಾಯನಸಂಘ ಇಂದಿಗೂ ಹಾಡುತ್ತಿದೆ. ಮಗ್ಗದವನೂ ಗಣಿಯವನೂ ನಾಲ್ಕು ಧ್ವನಿಗಳು ಹೆಣೆದುಕೊಂಡ ಜಟಿಲ ರಚನೆಗಳನ್ನು ಹಾಡಬಲ್ಲವರಾದುದಕ್ಕೆ ಹುಟ್ಟಿನಿಂದ ಬಂದ ಕಂಠವೇ ಕಾರಣವೆಂದು, ವಿಶೇಷವಾಗಿ ವೇಲ್ಸಿನವರ ವಿಷಯದಲ್ಲಿ, ಹೇಳುವುದುಂಟು. ಆ ಮಾತು ನನಗೆ ಒಪ್ಪಿಗೆಯಾಗಿಲ್ಲ. ಒಳ್ಳೆಯ ಕಂಠ ಯಾವ ದೇಶದಲ್ಲಿಲ್ಲ? ಅಲ್ಲಿ ಒದಗಿದುದು ಓದಲು ಸುಲಭವಾದ ಒಂದು ಲಿಪಿ, ಕೊಳ್ಳಲು ಅಗ್ಗವಾದ ಒಂದು ಪುಸ್ತಕ. ನಾರ್ವಿಚ್ ಪಟ್ಟಣದ ಸಾರಾ ಗ್ಲವರ್ ಎಂಬಾಕೆ ಮಕ್ಕಳಿಗೆ ಹಾಡು ಕಲಿಸಲು ಕಲ್ಪಿಸಿ 1835ರಲ್ಲಿ ಪ್ರಕಟಿಸಿದ ಕ್ರಮವನ್ನು ಜಾನ್ ಕರ್ವೆನ್ ಎಂಬ ಪಾದ್ರಿ 1840ರ ದಶಕದಲ್ಲಿ ಪರಿಷ್ಕರಿಸಿ, ‘ಟಾನಿಕ್ ಸಾಲ್-ಫಾ’ ಎಂಬ ಹೆಸರಿನಿಂದ ದೇಶದಲ್ಲೆಲ್ಲ ಹರಡಿದನು. ಐದು ಗೆರೆಗಳ ಮೇಲೆ ಚುಕ್ಕೆಗಳು ಏರಿಳಿಯುವ ರೂಢಿಯ ಲಿಪಿಯ ಬದಲು ಇಲ್ಲಿ ಡೊ, ರೆ, ಮಿ ಎಂಬ ಸ್ವರಗಳ ಮೊದಲಕ್ಷರಗಳೇ ಸಾಲಾಗಿ ನಿಲ್ಲುತ್ತವೆ. ಅವರ ‘ಮೇಜರ್’ ಮೇಳದಲ್ಲಿ, ಎಂದರೆ ನಮ್ಮ ಶಂಕರಾಭರಣದಲ್ಲಿ, ಶ್ರುತಿ ಯಾವುದೇ ಆಗಿರಲಿ, ಆಧಾರಸ್ವರಕ್ಕೆ ಡೊ ಎಂದೇ ಹೆಸರು. ಸರಳೆ ವರಸೆ ಕಲಿತ ನಮ್ಮ ಮನೆಯ ಹುಡುಗಿಗೆ ಇದನ್ನು ವಿವರಿಸಿ ಹೇಳಬೇಕೆ? ನಾಲ್ಕೂವರೆ ಮನೆಯ ಶ್ರುತಿಯಲ್ಲಿಯೂ ಒಂದು ಮನೆಯ ಶ್ರುತಿಯಲ್ಲಿಯೂ ಷಡ್ಜ ಷಡ್ಜವೇ. ಆ ಕಾಲದಲ್ಲಿಯೇ ಲಂಡನ್ನಿನ ನೊವೆಲ್ಲೊ ಪ್ರಕಾಶಕರು ದೊಡ್ಡ ಕೃತಿಗಳನ್ನು ಚಿಕ್ಕ ಆಕಾರದಲ್ಲಿ, ಅಲ್ಪ ಬೆಲೆಗೆ ಅಚ್ಚುಹಾಕಿದರು. ನೇಕಾರನ ಕೈಗೆ ಹೀಗೆ ಸಂಗೀತಕಾರ ಹ್ಯಾಂಡೆಲ್ ಬಂದನು.

ಬಂದವನು ಹೋಗಲೇ ಇಲ್ಲ. 1741ರಲ್ಲಿ 24 ದಿನಗಳೊಳಗೆ ಬರೆದು ಮುಗಿಸಿದ ‘ಮೆಸ್ಸಾಯ’, ಮರುವರ್ಷದ ಏಪ್ರಿಲಿನಲ್ಲಿ ಡಬ್ಲಿನ್ ನಗರದಲ್ಲಿ, ಸಾಲಕ್ಕಾಗಿ ಸೆರೆಬಿದ್ದವರ ಬಿಡುಗಡೆಗೂ ರೋಗಿಗಳ ಶುಶ್ರೂಷೆಗೂ ಹಣ ಕೂಡಿಸುವ ಸಲುವಾಗಿ ಮೊದಲು ಕೇಳಿಬಂದಿತು. ವಸಂತದ ಆ ಕೃತಿ ಈಗ ಕ್ರಿಸ್‌ಮಸ್ಸಿನ ವಾಡಿಕೆಯಾಗಿ, ಡಿಸೆಂಬರಿನಲ್ಲಿ ಊರೂರಿಗೂ ಪುನರಾವೃತ್ತವಾಗುತ್ತದೆ. ಹಾಡಿದ್ದನ್ನೇ ಹಾಡುತ್ತಾರೆಂಬ ವಿಮರ್ಶಕರ ಆಕ್ಷೇಪ ನಿರಾಧಾರವಲ್ಲ. ಆದರೆ ಬಾಡಿಗೆಗೆ ತರಬೇಕಾದ ವಾದ್ಯವೃಂದ, ಸಂಭಾವನೆ ಕೊಟ್ಟು ಕರೆಯಬೇಕಾದ ಏಕಗಾಯಕರು, ಸಭಾಂಗಣ, ಇವುಗಳ ವೆಚ್ಚವನ್ನು ಸದಸ್ಯರ ಚಂದಾ ಒಂದೇ ತೂಗಲಾರದು. ಜನ ತುಂಬಿಬರುವ ಕೃತಿಯಿಂದ ಕೂಡಿದ ಹಣವೇ, ಖಾಲಿ ಕುರ್ಚಿಗಳಿಗೆ ಹೆದರಬೇಕಾದ ಹೊಸಬನ ರಚನೆಯನ್ನು ವಸಂತದಲ್ಲಿ ಹಾಡುವ ಧೈರ್ಯವನ್ನು ಕೊಡುವುದು.

ಈ ಕಥೆಗೂ ಮೈಸೂರಿಗೂ ಒಂದು ಎಳೆ ಉಂಟು. ಲಂಡನ್ನಿನ ಫಿಲ್ಹಾರ್ಮೋನಿಯಾ ಕಚೇರಿಸಂಘಕ್ಕೆ 1948ರಲ್ಲಿ ಮೊದಲ ಅಧ್ಯಕ್ಷರಾದವರು ಜಯಚಾಮರಾಜ ಒಡೆಯರು. ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ಹಾಡಲೆಂದು 1957ರಲ್ಲಿ ಕಟ್ಟಿದ ಗಾಯಕವೃಂದ ಹವ್ಯಾಸಿಗಳದೇ. ಇನ್ನು ಸಾಲ್-ಫಾ ಲಿಪಿಯಂತೂ ಅದನ್ನು ಹುಟ್ಟಿಸಿದ ನಾಡಿನಲ್ಲಿ ಬಹುಮಟ್ಟಿಗೆ ಮರೆತುಹೋಗಿದ್ದರೂ, ವೇಲ್ಸಿನ ಪಾದ್ರಿಗಳ ಹಿಂದೆ ಬಂದು, ನಮ್ಮದೇ ಮಿಜೋರಾಮಿನಲ್ಲಿ ಇಂದಿಗೂ ಬಾಳುತ್ತಿದೆ.

ವೃಂದಗಾನ ನಮಗೆ ಪರಕೀಯವೆಂದು ಹೇಳತಕ್ಕವರು ಶಾರ್ಙ್ಗದೇವನ ‘ಸಂಗೀತ ರತ್ನಾಕರ’ವನ್ನು ತೆರೆದು ನೋಡಬಹುದು, ಉತ್ತಮ, ಮಧ್ಯಮ, ಕನಿಷ್ಠವೆಂದು ವೃಂದಗಳನ್ನು ಆತ ವಿಂಗಡಿಸಿದ್ದಾನೆ. ಪುಷ್ಯ ಬಹುಳ ಪಂಚಮಿಯಂದು ತಿರುವಯ್ಯಾರಿನಲ್ಲಿಯೂ ನಮ್ಮ ಊರುಗಳಲ್ಲಿಯೂ ತ್ಯಾಗರಾಜರ ಪಂಚರತ್ನಗಳನ್ನು ಗೋಷ್ಠಿಯಾಗಿ ಹಾಡುತ್ತೇವೆ. ಎಲ್ಲರೂ ಒಂದೇ ಸ್ವರಪಥದಲ್ಲಿ ನಡೆಯುವುದು ನ್ಯೂನತೆಯಲ್ಲ. ರಾಗಕ್ಕೆ ಅದೇ ಒಪ್ಪುವಂಥದು. ನನ್ನ ಅಸಮಾಧಾನ ಬೇರೆ: ಗೋಷ್ಠಿಯಲ್ಲಿ ಅನೇಕರು ಒಬ್ಬರನ್ನೊಬ್ಬರು ಮೊದಲು ಕಾಣುವುದೇ ವೇದಿಕೆಯ ಮೇಲೆ. ಮನೆಯಲ್ಲಿ ಒಂಟಿಯಾಗಿ ಕಲಿತದ್ದನ್ನು ತಂದು ನೂರು ಮಂದಿಯ ನಡುವೆ ಒಂಟಿಯಾಗಿಯೇ ಹಾಡುತ್ತಾರೆ. ಮುಂದಿನ ಸಾಲಿನ ವಿದ್ವಾಂಸರ ಧ್ವನಿವರ್ಧಕ ಉಳಿದುದನ್ನೆಲ್ಲ ಮುಚ್ಚುತ್ತದೆ.

ಆ ವಾರದ ಕೂಟಗಳಲ್ಲಿ ಪೆನ್ಸಿಲಿಗೆ ಏನು ಕೆಲಸವೆಂದು ಓದುಗರು ಕೇಳಬಹುದು. ಒಂದು ಉಸಿರಿಗೆ ಮೀರಿದ ದೀರ್ಘಸ್ವರ ಬಂದಾಗ, ಪಕ್ಕದವನು ಉಸಿರೆಳೆಯುವೆಡೆಯಲ್ಲಿ ತಾನು ಎಳೆಯಬಾರದೆಂದು ಗುರುತುಮಾಡಿಕೊಳ್ಳುವುದಕ್ಕೆ. ಹೀಗೆ ಸರದಿಯ ಮೇಲೆ ಉಸಿರಾಡುವ ಐವತ್ತು ಜನರ ಸ್ವರ, ಕೇಳುವವನಿಗೆ ಎಲ್ಲಿಯೂ ಕಡಿಯುವುದಿಲ್ಲ. ನಮ್ಮ ಪಂಚಮಿಗೆ ಇನ್ನೂ ಕಾಲವಿದೆ. ಕಾರ್ತಿಕದಿಂದಲೇ ವಾರಕ್ಕೊಂದು ಸಂಜೆ, ಮೈಕಿಲ್ಲದ ಒಂದು ಕೋಣೆಯನ್ನು ಬಡಾವಣೆಯ ರಾಮಮಂದಿರದವರು ತೆರೆದುಕೊಟ್ಟರೆ ಸಾಕು. ಪೆನ್ಸಿಲನ್ನು ಹಾಡುವವರೇ ತರಲಿ.