ದೋಣಿಗೂ ಡೇರೆಗೂ ಯಾವ ನೀರು?

ರಜೆ ಸಮೀಪಿಸಿದೊಡನೆ ನಮ್ಮ ವಿದ್ಯಾರ್ಥಿಗಳಲ್ಲಿ ಒಂದು ಚರ್ಚೆ ಹುಟ್ಟುವುದುಂಟು: ದೋಣಿ ನಡೆಸಿ, ನೀರಿನ ದಂಡೆಯಲ್ಲಿ ಡೇರೆ ಹಾಕಿ ಎರಡು ರಾತ್ರಿ ಕಳೆಯಲು ಎಲ್ಲಿಗೆ ಹೋಗಬೇಕು? ಯಾರ ಮೊಬೈಲಿನಲ್ಲಿ ಅಂದವಾದ ಚಿತ್ರವಿದೆಯೋ ಅವರ ಮಾತೇ ಗೆಲ್ಲುತ್ತದೆ. ಈ ಪದ್ಧತಿ ನಮಗೆ ಒಪ್ಪಿಗೆಯಾಗದು. ನೀರಿನ ಆಳವಾಗಲಿ, ಅದು ಯಾರ ಪಾಲಿನದೆಂಬುದಾಗಲಿ ಚಿತ್ರದಲ್ಲಿ ಕಾಣುವುದಿಲ್ಲವಷ್ಟೆ.

ಅಮೆರಿಕೆಯ ಮಿನ್ನೆಸೋಟಾ ಪ್ರಾಂತದ ಉತ್ತರದಂಚಿನಲ್ಲಿ ಬೌಂಡರಿ ವಾಟರ್ಸ್ ಎಂಬ ಅರಣ್ಯವಿದೆ. ಅಲ್ಲಿ ಸಾವಿರಕ್ಕೂ ಮಿಕ್ಕ ಸರೋವರಗಳು. ಜನರು ಕಿರುದೋಣಿಯನ್ನು ಹೆಗಲ ಮೇಲೆ ಹೊತ್ತು ಒಂದರಿಂದ ಇನ್ನೊಂದಕ್ಕೆ ಸಾಗುತ್ತಾರೆ. ಅಂತಹ ಕಾಡಿನಲ್ಲಿಯೂ ದಿನಕ್ಕೆ ಇಷ್ಟೇ ತಂಡಗಳೆಂದು ಎಣಿಸಿ ಅಪ್ಪಣೆಚೀಟಿ ಕೊಡುತ್ತಾರೆ. ನಮ್ಮ ಸುತ್ತಣ ದೊಡ್ಡ ನೀರುಗಳಾದರೋ ಬಹುಮಟ್ಟಿಗೆ ಮನುಷ್ಯನೇ ಕಟ್ಟೆ ಕಟ್ಟಿ ನಿಲ್ಲಿಸಿದವು. 1892ರ ತಾನಸಾ, 1957ರ ಮೋಡಕ ಸಾಗರ ಇವು ಮುಂಬಯಿಯ ದಾಹವನ್ನು ತಣಿಸುತ್ತವೆ. ನವಿ ಮುಂಬಯಿಗೆ ಮೋರ್ಬೆಯಿದೆ. ತಾನಸಾದ ಸುತ್ತ ಅಭಯಾರಣ್ಯವಿದೆ, ನೋಟವೂ ಮನೋಹರವೇ. ಆದರೂ ಲಕ್ಷಾಂತರ ಜನರು ಕುಡಿಯುವ ನೀರಿನ ದಂಡೆಯಲ್ಲಿ ಡೇರೆ ಹಾಕಲು ಅಪ್ಪಣೆ ಕೇಳುವುದೇ ಉಚಿತವಲ್ಲವೆಂದು ನಮ್ಮ ಅಭಿಪ್ರಾಯ.

ಠಾಣೆಯನ್ನು ಕೆರೆಗಳ ನಗರವೆಂದು ಕರೆಯುವುದು ವಾಡಿಕೆ. ಮಸುಂದಾ ಕೆರೆಯಲ್ಲಿ ದೋಣಿ ಹತ್ತಿದವರು ನಮ್ಮಲ್ಲಿ ಅನೇಕರಿದ್ದಾರೆ. ಅದು ಸಂಜೆಯ ವಿನೋದ. ಹುಟ್ಟು ಹಾಕುವ ಅಭ್ಯಾಸವೆನ್ನಲಾಗದು. ಕಸಾರಾ ಘಟ್ಟದಾಚೆ, ಪ್ರವರಾ ನದಿಯ ಭಂಡಾರದರಾ ಜಲಾಶಯದ ದಂಡೆಯಲ್ಲಿ ಹಳ್ಳಿಯವರೇ ಡೇರೆ ಹಾಕಿಕೊಟ್ಟು, ರೊಟ್ಟಿ ಪಲ್ಯ ಬಡಿಸುತ್ತಾರೆ. ಡೇರೆಯ ವಾಸವಷ್ಟೇ ಬೇಕೆಂಬವರಿಗೆ ಅದು ಸಾಕು. ಪವನಾ ಕೆರೆಯ ಗದ್ದಲಕ್ಕಿಂತ ಲೇಸು!

ದೋಣಿಯನ್ನು ಕಲಿಯಬೇಕೆಂಬವರು ಮಾತ್ರ ಕಲಿಸುವವರಿರುವಲ್ಲಿಗೇ ಹೋಗತಕ್ಕದ್ದು. 2024ರ ಜನವರಿ 18ರಂದು ವಡೋದರೆಯ ಹರಣಿ ಕೆರೆಯಲ್ಲಿ, ವಿಹಾರಕ್ಕೆ ಬಂದಿದ್ದ ಶಾಲೆಯೊಂದರ ಮಕ್ಕಳ ದೋಣಿ ಮಗುಚಿತು. ಹನ್ನೆರಡು ಮಕ್ಕಳೂ ಇಬ್ಬರು ಶಿಕ್ಷಕಿಯರೂ ಜೀವ ಕಳೆದುಕೊಂಡರು. ದೋಣಿಯಲ್ಲಿ ಮಿತಿಮೀರಿ ಜನರನ್ನು ತುಂಬಿದ್ದರು. ಹಲವರಿಗೆ ಲೈಫ್ ಜಾಕೆಟ್ ಇರಲಿಲ್ಲ. ಅದು ಅಡವಿಯ ನೀರಲ್ಲ, ನಗರದೊಳಗಿನ ಕೆರೆ. ಆ ಮಕ್ಕಳೂ ನಿಮ್ಮ ವಯಸ್ಸಿನವರೇ.

ಆದಕಾರಣ ನಮ್ಮ ಮತ ಹೊನ್ನೆಮರಡಿಗೆ. ಸಾಗರ ತಾಲ್ಲೂಕಿನ ಈ ಹಳ್ಳಿ ಶರಾವತಿಯ ಹಿನ್ನೀರಿನ ದಂಡೆಯಲ್ಲಿದೆ. ತರುಣರಿಗೆ ಹರಿಗೋಲನ್ನೂ ಕಿರುದೋಣಿಯನ್ನೂ ನಡೆಸಲು ಕಲಿಸಿದ ಹೆಸರು ಅದಕ್ಕೆ ಬಹುಕಾಲದಿಂದ ಇದೆ. ಸುತ್ತಲೂ ಕಾಡು, ನಡುನಡುವೆ ನಡುಗಡ್ಡೆಗಳು. ಆ ನಡುಗಡ್ಡೆಗಳು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಮುನ್ನ ಗುಡ್ಡದ ತಲೆಗಳಾಗಿದ್ದವು. ಕೆಳಗೆ ತೋಟ, ಮನೆ, ದೇವಸ್ಥಾನಗಳಿದ್ದವು. ನಾ. ಡಿಸೋಜರ ‘ದ್ವೀಪ’ ಕಾದಂಬರಿಯನ್ನು ಓದಿ ಹೋದವರು ಆ ನೀರಿನ ಮೇಲೆ ಕೂಗಾಡಲಾರರು. ಈಗಲೂ ಅಲ್ಲಲ್ಲಿ ಮುಳುಗಿದ ಮರಗಳ ಬೊಡ್ಡೆಗಳಿವೆ. ಗಾಳಿ ಎದ್ದರೆ ಅಷ್ಟು ವಿಸ್ತಾರದ ನೀರಿನಲ್ಲಿ ಅಲೆಯೂ ಏಳುತ್ತದೆ. ಬಲ್ಲವರು ಜೊತೆಗಿರಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ.

ದೂರವೆಂದು ಕೆಲವರು ಆಕ್ಷೇಪಿಸುವರು. ಠಾಣೆಯಲ್ಲೋ ಪನ್ವೇಲಿನಲ್ಲೋ ಕೊಂಕಣ ರೈಲು ಹತ್ತಿ ಹೊನ್ನಾವರದಲ್ಲಿಳಿದರೆ, ಗೇರುಸೊಪ್ಪೆಯ ಘಟ್ಟವೇರಿ ಜೋಗದ ಮಾರ್ಗವಾಗಿ ತಾಳಗುಪ್ಪವನ್ನು ಸೇರಬಹುದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡುವ ನಮ್ಮ ಮಕ್ಕಳಿಗೆ ಬಸ್ಸಿನ ಫಲಕವೂ ಅಂಗಡಿಯ ಮಾತೂ ಕನ್ನಡವಾಗಿರುವ ನಾಲ್ಕು ದಿನಗಳು ದೊರೆಯುವುದು ಬೇರೆ ಲಾಭ. ಮಳೆಗಾಲ ಬೇಡ, ಡಿಸೆಂಬರಿನ ರಜೆ ಲೇಸು. ಹೊರಡುವ ಮುನ್ನ ಆ ವರ್ಷ ಶಿಬಿರಕ್ಕೂ ದೋಣಿಗೂ ಅನುಮತಿಯಿದೆಯೇ ಎಂದು ಪತ್ರ ಬರೆದು ವಿಚಾರಿಸಬೇಕು. ಈಜು ಬಾರದವರು ಇಲ್ಲಿಯ ಈಜುಕೊಳದಲ್ಲಿ ಈಗಿನಿಂದಲೇ ಕಲಿಯತೊಡಗಲಿ.