ಕೊಲ್ಲದ ವಿಷವೂ ಹಿಂಸೆಯೇ

ಹಿಂಸೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಸಾವು. ಪ್ರಾಣ ಹೋಗದಿದ್ದರೆ ಹಿಂಸೆಯಾಗಲಿಲ್ಲವೆಂದು ಭಾವಿಸುವುದು ಲೋಕರೂಢಿ. ಔಷಧಿ ಹೊಡೆದ ಮರುದಿನ ಹೊಲದಲ್ಲಿ ಸತ್ತ ಜೇನು ಕಾಣದಿದ್ದರೆ ರೈತನು ನೆಮ್ಮದಿಯಿಂದ ಮನೆಗೆ ಬರುತ್ತಾನೆ. ಆ ನೆಮ್ಮದಿ ಸರಿಯಾದುದೇ ಎಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ಜೇನ್ನೊಣದ ಬದುಕೇ ಕಾಯಕ. ಹೂವು ಕಂಡ ನೊಣವು ಗೂಡಿಗೆ ಮರಳಿ, ಅದಿರುವ ದಿಕ್ಕನ್ನೂ ದೂರವನ್ನೂ ನರ್ತನದ ಮೂಲಕ ಒಡನಾಡಿಗಳಿಗೆ ತಿಳಿಸುತ್ತದೆ. ಈ ನರ್ತನದ ಅರ್ಥವನ್ನು ಬಿಡಿಸಿ ತೋರಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಗಳಿಸಿದ್ದನ್ನೆಲ್ಲ ಗೂಡಿಗೆ ಒಪ್ಪಿಸುವ ಈ ಜೀವಿಯಲ್ಲಿ ದಾಸೋಹವನ್ನೂ ಕಾಣಬಹುದು. ಆದರೆ ಆ ಕಾಯಕಕ್ಕೆ ದಾರಿಯ ನೆನಪು ಬೇಕು. ಕಾಲು ರೆಕ್ಕೆಗಳ ಮೇಲೆ ಹಿಡಿತ ಬೇಕು.

ನಿಯೋನಿಕೋಟಿನಾಯ್ಡ್ ಎಂಬ ವರ್ಗದ ಕೀಟನಾಶಕಗಳು ಇವೆರಡನ್ನೂ ಕಸಿಯುತ್ತವೆ. ನಮ್ಮಲ್ಲಿಯೂ ಹತ್ತಿ ಮೊದಲಾದ ಬೆಳೆಗಳಿಗೆ ಬಳಸುವ ಇಮಿಡಾಕ್ಲೋಪ್ರಿಡ್, ಥಯಾಮಿಥಾಕ್ಸಾಮ್‌ಗಳು ಈ ವರ್ಗಕ್ಕೆ ಸೇರಿದವು. ಇವು ಗಿಡದ ರಸದಲ್ಲಿ ಬೆರೆತು ಪರಾಗ, ಮಕರಂದಗಳನ್ನೂ ಸೇರುತ್ತವೆ. ಕೀಟದ ನರಮಂಡಲದಲ್ಲಿ ಸಂದೇಶಗಳು ಸಾಗುವ ಕ್ರಮವನ್ನು ಕೆಡಿಸುತ್ತವೆ. ಫ್ರಾನ್ಸಿನ ಸಂಶೋಧಕರು ಜೇನ್ನೊಣಗಳಿಗೆ ಸಾವು ತಾರದಷ್ಟು ಅಲ್ಪ ಪ್ರಮಾಣದ ಥಯಾಮಿಥಾಕ್ಸಾಮ್ ಉಣಿಸಿ, ಬೆನ್ನಿಗೆ ಸೂಕ್ಷ್ಮವಾದ ಗುರುತುಪಟ್ಟಿ ಅಂಟಿಸಿ ದೂರದಲ್ಲಿ ಬಿಟ್ಟರು. ಅವುಗಳಲ್ಲಿ ಅನೇಕವು ಗೂಡಿಗೆ ಮರಳಲೇ ಇಲ್ಲವೆಂದು 2012ರಲ್ಲಿ ಪ್ರಕಟವಾಯಿತು. 2014ರಲ್ಲಿ ಬ್ರಿಟನ್ನಿನ ಸಂಶೋಧಕರು ಕಂಡದ್ದು ಇನ್ನೂ ಕರುಣಾಜನಕ: ಇಂತಹ ವಿಷವನ್ನು ಒಂದು ದಿನ ಸೇವಿಸಿದ ನೊಣಗಳು ಸಮತೋಲ ತಪ್ಪಿ ಅಂಗಾತ ಬಿದ್ದು, ಮತ್ತೆ ಹೊರಳಿ ನಿಲ್ಲಲು ಅಸಮರ್ಥವಾಗುತ್ತಿದ್ದವು.

ಸತ್ತ ನೊಣ ಹೊಲದಲ್ಲಿ ಕಾಣದಿರುವುದು ಇದೇ ಕಾರಣಕ್ಕೆ. ಅದು ಎಲ್ಲಿಯೋ ದಾರಿ ತಪ್ಪಿದೆ. ಇತ್ತ ಗೂಡು ಬಡವಾಗುತ್ತದೆ. ಸೂರ್ಯಕಾಂತಿಯ ಕಾಳು ಜೊಳ್ಳಾಗುತ್ತದೆ. ಕುಂಬಳದ ಹೂವು ಕಾಯಿ ಕಚ್ಚದೆ ಉದುರುತ್ತದೆ. ನಷ್ಟವು ತಿರುಗಿ ನಮ್ಮ ಕಣಕ್ಕೇ ಬರುತ್ತದೆ.

ಯೂರೋಪಿನ ಒಕ್ಕೂಟವು 2018ರಲ್ಲಿ ಈ ವರ್ಗದ ಮೂರು ಔಷಧಿಗಳನ್ನು ಬಯಲಿನಲ್ಲಿ ಬಳಸುವುದನ್ನು ನಿಷೇಧಿಸಿತು. ನಾವು ಕಾನೂನಿಗಾಗಿ ಕಾಯಬೇಕಿಲ್ಲ. ಹೂಬಿಟ್ಟ ಬೆಳೆಗೆ ಔಷಧಿ ಹೊಡೆಯಬಾರದು. ಸಂಜೆ ಹೊಡೆದರೆ ನೊಣದ ಮೈಗೆ ನೇರವಾಗಿ ತಾಗುವುದು ತಪ್ಪಬಹುದು. ಆದರೆ ಗಿಡದ ಒಳಗೇ ಸೇರುವ ವಿಷಕ್ಕೆ ಆ ಉಪಾಯ ಸಾಲದು. ಪಂಪನ್ನು ಕೆರೆ ಹಳ್ಳಗಳಲ್ಲಿ ತೊಳೆಯಬಾರದು. ಪೀಡೆ ಮಿತಿಯಲ್ಲಿದ್ದಾಗ ಬೇವಿನ ಬೀಜದ ಕಷಾಯದಿಂದ ತೃಪ್ತರಾಗಬೇಕು.

ಬೆಳೆ ಉಳಿಸಿಕೊಳ್ಳಬೇಕಾದ ರೈತನ ಸಂಕಟವನ್ನು ನಾನು ಅರಿಯದವನಲ್ಲ. ಆದರೂ ಒಂದು ಜೀವಿಯ ಪ್ರಾಣವನ್ನು ಉಳಿಸಿ ಅದರ ಕಾಯಕವನ್ನು ಕಿತ್ತುಕೊಂಡರೆ ಅದನ್ನು ದಯೆ ಎನ್ನಲಾಗದು. ಕಾಯಕವನ್ನೇ ಪೂಜೆಯೆಂದು ನಂಬಿದ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.