ಅಮ್ಮನ ಕಾಲು ಯಾವ ರೀಲ್‌ನಲ್ಲೂ ಇಲ್ಲ

ಕಾಲೇಜ್ ಕಟ್ಟೆ ಮಾತು | ಭಾಗ 11
(ಉದ್ದ ಇದೆ. ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ 👇)

"ಒಂದೇ ಇಂಜೆಕ್ಷನ್, ಕಾಲಿನ ಗೆರೆ ಮಾಯ!" ಈ ರೀಲ್ ನಿಮಗೂ ಬಂದಿರುತ್ತೆ. ಸಣ್ಣ ಸೂಜಿ ಚುಚ್ತಾರೆ, ನೇರಳೆ ಗೆರೆ ಕಣ್ಣೆದುರೇ ಅಳಿಸಿಹೋಗುತ್ತೆ. ಅಂಥವು ಮೂರು ನನ್ನ ಫೋನಲ್ಲಿ ಸೇವ್ ಆಗಿದ್ವು. ಯಾಕಂದ್ರೆ ನನ್ನ ಮೊಣಕಾಲ ಹಿಂದೆ ಜೇಡರ ಬಲೆ ಥರ ನಾಲ್ಕು ಗೆರೆ ಇವೆ. ಸ್ಪೋರ್ಟ್ಸ್ ಡೇಗೆ ಶಾರ್ಟ್ಸ್ ಹಾಕೋಕೆ ಮುಜುಗರ.

ಒಂದಿನ ರಾತ್ರಿ ಅಮ್ಮನಿಗೆ ತೋರಿಸ್ದೆ. "ಅಮ್ಮ, ಇದನ್ನ ಮಾಡಿಸ್ಕೊಳ್ಳಾ?" ಅಂದೆ. ಅಮ್ಮ ರೀಲ್ ನೋಡಿ ನಕ್ಕು, ಸೀರೆ ಸ್ವಲ್ಪ ಮೇಲೆತ್ತಿ, "ಹಂಗಾದ್ರೆ ನನಗೆ ಎಷ್ಟು ಇಂಜೆಕ್ಷನ್ ಬೇಕಾಗ್ಬೋದು ಹೇಳು" ಅಂದ್ಲು.

ಮೀನಖಂಡದ ಮೇಲೆ ಹಗ್ಗದ ಥರ ಉಬ್ಬಿ ತಿರುಚಿಕೊಂಡ ನೀಲಿ ನಾಳಗಳು. ಪಾದದ ಗಂಟಿನ ಹತ್ರ ಚರ್ಮ ಕಪ್ಪಾಗಿದೆ. ಅಮ್ಮ ಮೈಸೂರಲ್ಲಿ ಸೀರೆ ಅಂಗಡಿ ಸೇಲ್ಸ್‌ನಲ್ಲಿದ್ದಾಳೆ, ದಿನವಿಡೀ ನಿಂತೇ ಇರಬೇಕು. ಅದೇ ಮನೇಲಿರೋ ನಾನು ಇದನ್ನ ನೋಡೇ ಇರ್ಲಿಲ್ಲ. "ಏನಿಲ್ಲ ಕಣೆ, ನರ ಎಳಿಯುತ್ತೆ ಅಷ್ಟೆ" ಅಂದ್ಲು.

ಇಲ್ಲೇ ನಮ್ಮ ಮೊದಲ ತಪ್ಪು. ನಾವು ಎಲ್ಲದಕ್ಕೂ "ನರ" ಅಂತೀವಿ. ಕೈ ಜುಮ್ ಅಂದ್ರೂ ನರ, ಕಾಲಲ್ಲಿ ಹಗ್ಗ ಉಬ್ಬಿದ್ರೂ ನರ. ಆದ್ರೆ ಉಬ್ಬಿರೋದು ರಕ್ತನಾಳ. ಸ್ಕೂಲಲ್ಲಿ ಅಭಿಧಮನಿ ಅಂತ ಓದಿದ್ವಲ್ಲ, ಅದು. ಈ ಒಂದು ಪದದ ಗೊಂದಲದಿಂದ ಅಮ್ಮ ಎರಡು ವರ್ಷ "ನರದ ಮಾತ್ರೆ" ತಂದು ನುಂಗಿದ್ಲು. ಅದು ಉಬ್ಬಿದ ನಾಳಕ್ಕೆ ಏನೂ ಮಾಡಲ್ಲ.

ಒಳಗೆ ನಡೆಯೋದು ಇಷ್ಟು: ಕಾಲಿನ ರಕ್ತ ಮೇಲೆ ಹೃದಯಕ್ಕೆ ವಾಪಸ್ ಹೋಗ್ಬೇಕು. ನಡೆಯುವಾಗ ಮೀನಖಂಡದ ಸ್ನಾಯು ಅದನ್ನ ಹಿಂಡಿ ಮೇಲಕ್ಕೆ ತಳ್ಳುತ್ತೆ, ಒಳಗಿರೋ ಪುಟ್ಟ ಕವಾಟಗಳು ಕೆಳಗೆ ಜಾರದ ಹಾಗೆ ತಡೀತವೆ. ಕವಾಟ ಸೋತ್ರೆ ರಕ್ತ ಕೆಳಗೆ ನಿಲ್ಲುತ್ತೆ, ನಾಳ ಹಿಗ್ಗುತ್ತೆ. ಮನೆತನದಲ್ಲಿದ್ರೆ, ಬಸುರಿಯಾದಾಗ, ದೇಹದ ತೂಕ ಹೆಚ್ಚಾದ್ರೆ, ತುಂಬಾ ಹೊತ್ತು ನಿಂತೇ ಕೆಲಸ ಮಾಡಿದ್ರೆ ಇದು ಬರೋ ಸಾಧ್ಯತೆ ಹೆಚ್ಚು. 1 ಮಿಲಿಮೀಟರ್‌ಗಿಂತ ಸಣ್ಣ ಗೆರೆಗಳು ಸ್ಪೈಡರ್ ವೇಯ್ನ್. 3 ಮಿಲಿಮೀಟರ್ ಮತ್ತು ಅದಕ್ಕಿಂತ ದಪ್ಪ ಇದ್ರೆ ವೆರಿಕೋಸ್ ವೇಯ್ನ್.

ಆ ಇಂಜೆಕ್ಷನ್ ಹೆಸರು ಸ್ಕ್ಲೆರೋಥೆರಪಿ. ಪಾಲಿಡೋಕನಾಲ್ ಅಥವಾ ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ ಥರದ ಔಷಧಿಯನ್ನ ನಾಳದೊಳಗೆ ಬಿಡ್ತಾರೆ. ಅದು ಒಳಗೋಡೆಯನ್ನ ಕೆಣಕುತ್ತೆ, ಗೋಡೆಗಳು ಅಂಟಿಕೊಂಡು ನಾಳ ಮುಚ್ಚಿಹೋಗುತ್ತೆ, ದೇಹ ಅದನ್ನ ನಿಧಾನಕ್ಕೆ ಕರಗಿಸುತ್ತೆ. ದಪ್ಪ ನಾಳಕ್ಕೆ ಅದೇ ಔಷಧಿಯನ್ನ ನೊರೆ ಮಾಡಿ, ಸ್ಕ್ಯಾನ್‌ನಲ್ಲಿ ನೋಡ್ತಾ ಕೊಡ್ತಾರೆ. ಒಳ್ಳೆ ಚಿಕಿತ್ಸೆನೇ. ಆಪರೇಷನ್ ಬೇಡ, ಅವತ್ತೇ ನಡೀಬಹುದು. ನಡೀಲೇಬೇಕು ಅಂತಾನೇ ಡಾಕ್ಟರ್ ಹೇಳ್ತಾರೆ.

ರೀಲ್ ಹೇಳದೇ ಇರೋದು ಏನು ಗೊತ್ತಾ?

ಆ ಗೆರೆ ತಕ್ಷಣ ಮಾಯ ಆಗೋದು ಔಷಧಿ ರಕ್ತವನ್ನ ಪಕ್ಕಕ್ಕೆ ತಳ್ಳಿದ್ದಕ್ಕೆ. ನಿಜವಾದ ಫಲಿತಾಂಶಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಒಂದೇ ಸಲಕ್ಕೆ ಮುಗಿಯದೇ ಇರಬಹುದು. ಆಮೇಲೆ ಸ್ವಲ್ಪ ದಿನ ಬಿಗಿ ಸ್ಟಾಕಿಂಗ್ಸ್ ಹಾಕ್ಕೋಬೇಕಾಗಬಹುದು. ಚುಚ್ಚಿದ ಜಾಗದಲ್ಲಿ ಕಂದು ಕಲೆ ಉಳಿಯಬಹುದು, ಅದರ ಪಕ್ಕದಲ್ಲೇ ಹೊಸ ಸಣ್ಣ ಗೆರೆಗಳು ಏಳಬಹುದು. ಅಪರೂಪಕ್ಕೆ ಹುಣ್ಣು, ಅಲರ್ಜಿ, ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟೋದೂ ಇದೆ. ಬಸುರಿಯರಿಗೆ ಸಾಮಾನ್ಯವಾಗಿ ಇದನ್ನ ಕೊಡಲ್ಲ. ಅದಕ್ಕೇ ಇದು ಫೇಶಿಯಲ್ ಜೊತೆ ಪ್ಯಾಕೇಜಲ್ಲಿ ಮಾಡಿಸ್ಕೊಳ್ಳೋ ವಿಷಯ ಅಲ್ಲ. ರಕ್ತನಾಳದ ಡಾಕ್ಟರ್ ಹತ್ರ ಹೋಗಿ.

ನಾವಿಬ್ರೂ ಹೋದ್ವಿ. ಡಾಕ್ಟರ್ ಅಮ್ಮನನ್ನ ನಿಲ್ಲಿಸಿ ಡಾಪ್ಲರ್ ಸ್ಕ್ಯಾನ್ ಮಾಡಿದ್ರು. ನನ್ನ ಗೆರೆ ನೋಡಿ, "ನಿನಗೆ ನೋವಿಲ್ಲ, ಊತ ಇಲ್ಲ. ಇದು ಬರೀ ನೋಟದ ವಿಷಯ, ಅರ್ಜೆಂಟ್ ಏನಿಲ್ಲ" ಅಂದ್ರು. ಅಮ್ಮನಿಗೆ ಮಾತ್ರ ತೊಡೆಸಂದಿನ ಹತ್ರ ಮುಖ್ಯ ನಾಳದ ಕವಾಟವೇ ಸೋತಿತ್ತು. ಮೊದಲು ಆ ನಾಳವನ್ನ ಶಾಖದಿಂದ ಮುಚ್ಚಬೇಕು, ಉಳಿದ ಉಬ್ಬುಗಳಿಗೆ ಆಮೇಲೆ ಇಂಜೆಕ್ಷನ್. ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿಯಲ್ಲೂ ಇಂಥ ನಾಳಕ್ಕೆ ಇದೇ ಕ್ರಮ: ಮೊದಲು ಶಾಖದ ಚಿಕಿತ್ಸೆ, ಅದು ಆಗದಿದ್ರೆ ನೊರೆ ಇಂಜೆಕ್ಷನ್, ಅದೂ ಆಗದಿದ್ರೆ ಆಪರೇಷನ್. ಸ್ಕ್ಯಾನ್ ಇಲ್ದೆ ಮೇಲಿನ ಉಬ್ಬಿಗೆ ಮಾತ್ರ ಚುಚ್ಚಿಸ್ಕೊಂಡ್ರೆ, ಟ್ಯಾಂಕ್ ಪೈಪ್ ಸೋರ್ತಿರುವಾಗ ಗೋಡೆ ತೇವಕ್ಕೆ ಸುಣ್ಣ ಹೊಡೆದ ಹಾಗೆ.

ನನ್ನ ಮಾತು ಇಷ್ಟೇ. ಗೆರೆ ತೆಗೆಸ್ಕೋಬೇಕು ಅನ್ನೋರನ್ನ ನಾನು ಆಡ್ಕೊಳ್ಳಲ್ಲ. ಅದು ನಿಮ್ಮ ಕಾಲು, ನಿಮ್ಮ ಇಷ್ಟ. ಆದ್ರೆ ಈ ಚಿಕಿತ್ಸೆ ನಮ್ಮ ಕಣ್ಣಿಗೆ ಬೀಳೋದು ಬರೀ ಅಂದದ ವಿಷಯವಾಗಿ. ಹಾಗಾಗಿ ಅದು ನಿಜವಾಗ್ಲೂ ಬೇಕಾಗಿರೋರು "ಅಯ್ಯೋ, ಅದೆಲ್ಲ ವಯಸ್ಸಿನ ಹುಡುಗೀರಿಗೆ" ಅಂತ ಸುಮ್ಮನಾಗ್ತಾರೆ. ಅಮ್ಮ ಹಾಗೇ ಸುಮ್ಮನಿದ್ದಿದ್ರೆ, ಕಪ್ಪಾದ ಆ ಚರ್ಮ ಒಂದಿನ ಮಾಯದ ಹುಣ್ಣಾಗೋ ಅಪಾಯ ಇತ್ತು.

ಇನ್ನೊಂದು ವಿಷಯ. ಸೂಜಿ ನಾಳ ಮುಚ್ಚುತ್ತೆ, ನಿಲ್ಲೋ ಕೆಲಸವನ್ನ ನಿಲ್ಲಿಸಲ್ಲ. ಕಲ್ಲಿಕೋಟೆಯ ಬಟ್ಟೆ ಅಂಗಡಿ ಹೆಣ್ಮಕ್ಕಳು ಕೂರೋ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ್ರು. 2018ರಲ್ಲಿ ಕೇರಳ ಕಾಯ್ದೆ ತಿದ್ದಿತು, 2021ರಲ್ಲಿ ತಮಿಳುನಾಡೂ ತಿದ್ದಿತು. ನೀವು ಸೀರೆ ಅಂಗಡಿಗೆ ಹೋದಾಗ ಸೇಲ್ಸ್ ಅಕ್ಕ ಒಂದು ನಿಮಿಷ ಕೂತ್ರೆ ಮುಖ ಸಿಂಡರಿಸಬೇಡಿ. ಆ ಸ್ಟೂಲೂ ಚಿಕಿತ್ಸೆಯ ಒಂದು ಭಾಗನೇ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಅಮ್ಮನ, ಅಜ್ಜಿಯ, ನಿಂತು ಪಾಠ ಮಾಡೋ ಅತ್ತೆಯ, ಹೋಟೆಲಲ್ಲಿ ದುಡಿಯೋ ಅಪ್ಪನ ಕಾಲು ನೋಡಿ. ಉಬ್ಬು, ಸಂಜೆ ಊತ, ತುರಿಕೆ, ಗಂಟಿನ ಹತ್ರ ಕಪ್ಪು, ಇವಿದ್ರೆ ಸ್ಕ್ಯಾನ್ ಮಾಡಿಸಿ. ಆ ನಾಳ ಒಡೆದು ರಕ್ತ ಚಿಮ್ಮಿದ್ರೆ ನಿಲ್ಲಿಸಬೇಡಿ, ಕೂರಿಸಬೇಡಿ. ಮಲಗಿಸಿ, ಕಾಲು ಮೇಲೆತ್ತಿ, ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು 108ಕ್ಕೆ ಫೋನ್ ಮಾಡಿ.

ಆ ಮೂರು ರೀಲ್ ಡಿಲೀಟ್ ಮಾಡ್ದೆ. ಸ್ಪೋರ್ಟ್ಸ್ ಡೇಗೆ ಶಾರ್ಟ್ಸ್ ಹಾಕ್ಕೊಂಡೇ ಓಡ್ದೆ. ನಾಲ್ಕನೇ ಸ್ಥಾನ ಬಂತು, ಗೆರೆ ಯಾರೂ ನೋಡ್ಲಿಲ್ಲ 🙂

ನಿಮ್ಮ ಮನೇಲಿ ಯಾರ ಕಾಲು ಹೀಗಿದೆ? ಕಾಮೆಂಟ್‌ನಲ್ಲಿ ಹೇಳಿ. ಇದನ್ನ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಹಾಕಿ.

#ಕಾಲೇಜ್‌ಕಟ್ಟೆಮಾತು #ಅಮ್ಮನಕಾಲು #ಕನ್ನಡ